ಸಂಬಳ ಬಂದರೆ ಕುಂಚ ಒಣಗುತ್ತದೆಯೇ?

ನನಗೆ 26 ವರ್ಷ. ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದ ಅಪ್ಪ ಗಾರೆ ಕೆಲಸ ಮಾಡಿಕೊಂಡೇ ನನ್ನನ್ನು ಪಣಜಿಯ ಗೋವಾ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿಸಿದರು. ಮೂರು ವರ್ಷದಿಂದ ಫ್ರೀಲಾನ್ಸ್ ಆಗಿ ಕೆಫೆಗಳ ಗೋಡೆಗೆ ಚಿತ್ರ ಬಿಡಿಸುತ್ತಿದ್ದೇನೆ, ಮೆನು ಕಾರ್ಡ್ ವಿನ್ಯಾಸ ಮಾಡುತ್ತಿದ್ದೇನೆ. ಸೀಸನ್ ಮುಗಿದರೆ ಕೈ ಖಾಲಿ. ಈಗ ವೆರ್ಣಾದ ಔಷಧ ಕಂಪನಿಯೊಂದರ ಪ್ಯಾಕೇಜಿಂಗ್ ವಿಭಾಗದಲ್ಲಿ ಡಿಸೈನರ್ ಕೆಲಸ ಸಿಕ್ಕಿದೆ. ‘ತಿಂಗಳಾದ್ರ ಪಗಾರ ಬರ್ತೈತಿ, ಸುಮ್ನ ಸೇರ್ಕೊ’ ಅನ್ನುತ್ತಾರೆ ಅಪ್ಪ. ಸೇರಿದರೆ ನನ್ನೊಳಗಿನ ಕಲಾವಿದೆ ಸತ್ತೇ ಹೋಗುತ್ತಾಳೆ ಅನ್ನಿಸುತ್ತದೆ. ಎರಡು ತಿಂಗಳಿಂದ ನಿದ್ದೆಯಿಲ್ಲ, ಪೆನ್ಸಿಲ್ ಕೂಡ ಮುಟ್ಟಿಲ್ಲ. ಈ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.
— ಹೆಸರು ಬೇಡ, ಝುವಾರಿನಗರ

ಇಷ್ಟಪಟ್ಟು ಕಲಿತ ವಿದ್ಯೆಯೇ ಕೈಬಿಟ್ಟು ಹೋಗುತ್ತಿದೆ ಅನ್ನಿಸಿದಾಗ ಆಗುವ ದಿಗಿಲು ಸಣ್ಣದಲ್ಲ. ಅದರ ಮೇಲೆ ಅಪ್ಪನ ಬೆವರಿನ ಋಣ ಬೇರೆ. ಅವರ ಮುಂದೆ ‘ಬೇಡ’ ಅನ್ನಲು ಬಾಯಿ ಬರುವುದಿಲ್ಲ, ‘ಆಯ್ತು’ ಅನ್ನಲು ಮನಸ್ಸು ಒಪ್ಪುವುದಿಲ್ಲ. ಇದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಹಾಡು, ಫೋಟೊ, ಬರವಣಿಗೆ ನಂಬಿಕೊಂಡ ಎಷ್ಟೋ ಮಕ್ಕಳು ಇದೇ ಸಂಕಟದಲ್ಲಿದ್ದಾರೆ.

ಆದರೆ ನಿಮ್ಮ ಪತ್ರದಲ್ಲೇ ಇರುವ ಒಂದು ಸಂಗತಿಯನ್ನು ಗಮನಿಸಿ. ನೀವಿನ್ನೂ ಕೆಲಸಕ್ಕೆ ಸೇರಿಲ್ಲ, ಆದರೂ ಪೆನ್ಸಿಲ್ ನಿಂತಿದೆ. ಅದನ್ನು ನಿಲ್ಲಿಸಿದ್ದು ಸಂಬಳವಲ್ಲ, ಚಿಂತೆ. ಗೋವಾದಲ್ಲಿ ಪ್ರವಾಸಿಗರನ್ನು ನಂಬಿದ ದುಡಿಮೆಯೆಲ್ಲ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಉಬ್ಬಿ, ಜೂನ್‌ನಲ್ಲಿ ಮಳೆ ಬಿದ್ದು ಕಡಲತೀರದ ಶ್ಯಾಕ್‌ಗಳು ಕಳಚಿಕೊಳ್ಳುವ ಹೊತ್ತಿಗೆ ಬತ್ತುತ್ತದೆ. ಕೈ ಖಾಲಿಯಾದದ್ದು ನಿಮ್ಮ ಪ್ರತಿಭೆಯ ಕೊರತೆಯಿಂದಲ್ಲ, ನೀವು ಆರಿಸಿಕೊಂಡ ಗಿರಾಕಿಗಳ ವ್ಯಾಪಾರವೇ ಹಾಗಿದೆ.

ನಿಮ್ಮೂರಿನ ಕೆಫೆಗಳಲ್ಲೆಲ್ಲ ಕಾಣುವ ಮಾರಿಯೊ ಮಿರಾಂಡಾ ಪೂರ್ಣಾವಧಿ ವ್ಯಂಗ್ಯಚಿತ್ರಕಾರರಾಗುವ ಮೊದಲು ನಾಲ್ಕು ವರ್ಷ ಜಾಹೀರಾತು ಸ್ಟುಡಿಯೊ ಒಂದರಲ್ಲಿ ದುಡಿದವರು. ಗೋವಾಕ್ಕೆ ಅಂಟಿಕೊಂಡ ಉತ್ತರ ಕನ್ನಡದ ಇಬ್ಬರನ್ನೂ ನೆನೆಯಿರಿ. ಗೋಕರ್ಣದ ಜಯಂತ ಕಾಯ್ಕಿಣಿ ಮುಂಬೈಯ ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಕಥೆ ಬರೆದರು. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದ ತಂತ್ರಜ್ಞರಾಗಿದ್ದರು. ಅವರ ‘ಶಿಕಾರಿ’ (1979) ಕಾದಂಬರಿಯ ನಾಗಪ್ಪನನ್ನು ಕಾಡುವುದು ಅಂಥದ್ದೇ ಒಂದು ಕಂಪನಿಯ ಒಳಜಗತ್ತು. ನೌಕರಿ ಅವರ ಬರವಣಿಗೆಯನ್ನು ತಿನ್ನಲಿಲ್ಲ, ಅದಕ್ಕೆ ವಸ್ತುವನ್ನೇ ಕೊಟ್ಟಿತು.

ಹಾಗೆಂದು ಕೆಲಸ ಏನನ್ನೂ ಕಸಿಯುವುದಿಲ್ಲ ಎಂದು ನಾನು ಹೇಳಲಾರೆ. ಸಂಜೆ ಮನೆ ಸೇರುವಾಗ ಮೈ ಸೋತಿರುತ್ತದೆ. ಸೀಸನ್‌ನಲ್ಲಿ ಬರುವ ದೊಡ್ಡ ಗೋಡೆಗಳಲ್ಲಿ ಕೆಲವು ತಪ್ಪಿಹೋಗುತ್ತವೆ. ಆ ನಷ್ಟಕ್ಕೆ ದುಃಖಪಡಿ, ತಪ್ಪಿಲ್ಲ. ಆದರೂ ನನ್ನ ಅಭಿಪ್ರಾಯ, ಈ ಕೆಲಸಕ್ಕೆ ಸೇರಿ. ಜೀವಮಾನಕ್ಕಲ್ಲ, ಒಂದು ವರ್ಷಕ್ಕೆ. ಮುಂದಿನ ಮಳೆಗಾಲ ಕಳೆದ ಮೇಲೆ ಉಳಿಸುವುದೋ ಬಿಡುವುದೋ ಮತ್ತೆ ಕೂತು ಯೋಚಿಸುತ್ತೇನೆ ಎಂದು ಈಗಲೇ ದಿನಾಂಕ ಬರೆದಿಡಿ. ಅಪ್ಪನಿಗೂ ಅದನ್ನು ತಿಳಿಸಿ. ಅವರು ನಿಮ್ಮ ಚಿತ್ರದ ವಿರೋಧಿಯಲ್ಲ. ದಿನಗೂಲಿಯ ಅನಿಶ್ಚಿತತೆಯನ್ನು ಮೈಮೇಲೆ ಹೊತ್ತವರಿಗೆ ‘ಪಗಾರ’ ಎಂದರೆ ಮಗಳ ಕ್ಷೇಮ, ಅಷ್ಟೇ.

ಸೇರುವ ಮುನ್ನ ನೇಮಕಾತಿ ಪತ್ರವನ್ನು ನಿಧಾನವಾಗಿ ಓದಿ. ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಬಿಡಿಸಿದ್ದರ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪನಿಯದ್ದು. ಬಿಡುವಿನಲ್ಲಿ ನೀವು ಮಾಡುವ ಸ್ವಂತ ಕೆಲಸಕ್ಕೆ ತಮ್ಮ ಅಡ್ಡಿಯಿಲ್ಲ ಎಂಬ ಒಂದು ಸಾಲನ್ನು ಅವರಿಂದ ಬರವಣಿಗೆಯಲ್ಲಿ ಪಡೆಯಿರಿ. ಕೇಳಲು ಸಂಕೋಚ ಬೇಡ.

ಭಾನುವಾರ ಬೆಳಗಿನ ಹೊತ್ತು ನಿಮ್ಮದಾಗಿರಲಿ, ಮಾರಾಟಕ್ಕಲ್ಲದ ಚಿತ್ರಕ್ಕಾಗಿ. ಮೊದಮೊದಲು ಏನೂ ಹೊಳೆಯದಿದ್ದರೂ ಕೂರಿ. ಸಂಬಳವಿದ್ದಾಗ, ಹಣ ಸತಾಯಿಸುವ ಗಿರಾಕಿಗೆ ‘ಆಗುವುದಿಲ್ಲ’ ಎನ್ನುವ ಧೈರ್ಯವೂ ಬರುತ್ತದೆ. ಹೊರಗಿನ ಕೆಲಸಕ್ಕೆ ಕಂಪನಿ ಒಪ್ಪಿದರೆ, ಉಚಿತವಾಗಿ ಸಿಗುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಅದಾದ ಮೇಲೆ ಒಪ್ಪಿಕೊಳ್ಳುವ ಕೆಲಸದ ಹಣವನ್ನು ಗಿರಾಕಿ 45 ದಿನಕ್ಕಿಂತ ಹೆಚ್ಚು ತಡೆಹಿಡಿಯುವಂತಿಲ್ಲ, 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಬೆನ್ನಿಗಿರುತ್ತದೆ.

ಇದೆಲ್ಲಕ್ಕಿಂತ ಮೊದಲು ನಿದ್ದೆ. ಎರಡು ತಿಂಗಳು ನಿದ್ದೆಗೆಟ್ಟ ಮನಸ್ಸಿಗೆ ಯಾವ ದಾರಿಯೂ ಕತ್ತಲಾಗಿಯೇ ಕಾಣುತ್ತದೆ. ಬಾಂಬೋಳಿಯ ಐಪಿಎಚ್‌ಬಿ ಸರ್ಕಾರಿ ಮನೋವೈದ್ಯಕೀಯ ಆಸ್ಪತ್ರೆ ನಿಮಗೆ ದೂರವಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ತಡಮಾಡದೆ ಅಲ್ಲಿಗೆ ಕರೆ ಮಾಡಿ, ಮನೆಯಲ್ಲೂ ಒಬ್ಬರಿಗೆ ಹೇಳಿ. ಕಂಪನಿಗೆ ಉತ್ತರ ಕೊಡಲು ತಿಂಗಳ ಕೊನೆಯವರೆಗೆ ಸಮಯವಿದೆ, ವೈದ್ಯರನ್ನು ಮಾತ್ರ ಈ ವಾರವೇ ಕಾಣಿ.