ಅಜ್ಜನ ನಾಣ್ಯಕ್ಕೆ ಹುಣಸೆಹಣ್ಣು ಬೇಡ

ಸೊರಬ, ಶಿಕಾರಿಪುರ ಕಡೆಯ ಹಳೆ ಮನೆಯ ಪೆಟ್ಟಿಗೆಯಲ್ಲಿ ಅಜ್ಜ ಕೂಡಿಟ್ಟ ನಾಣ್ಯದ ಗಂಟು ಸಿಕ್ಕರೆ, ಮನೆಯವರ ಕೈ ಮೊದಲು ಹೋಗುವುದು ಹುಣಸೆಹಣ್ಣಿನತ್ತ. ದಯವಿಟ್ಟು ತಿಕ್ಕಬೇಡಿ! ಕಾಲ ಕಟ್ಟಿದ ಮಾಸಲು ಪದರ ಹೋದರೆ ಸಂಗ್ರಹಕಾರರು ಕೊಡುವ ಬೆಲೆಯೂ ಇಳಿಯುತ್ತದೆ.

ಇದು ಕೆಳದಿ ಅರಸರು ಆಳಿದ ಸೀಮೆ. ಅವರ ಚಿನ್ನದ ಇಕ್ಕೇರಿ ವರಾಹ ಸುಮಾರು 3.4 ಗ್ರಾಂ ತೂಗುತ್ತದೆ. ಒಂದು ಬದಿ ಶಿವ-ಪಾರ್ವತಿ, ಇನ್ನೊಂದು ಬದಿ ನಾಗರಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ಶಿವ-ಪಾರ್ವತಿಯನ್ನು ಹಾಗೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ. ಹಾಗಾಗಿ ಎರಡೂ ಬದಿ ನೋಡದೆ ಬೆಲೆ ಕಟ್ಟುವಂತಿಲ್ಲ.

ಚಿನಿವಾರರ ತಕ್ಕಡಿ ಹೇಳುವುದು ಲೋಹದ ಬೆಲೆ ಮಾತ್ರ. ತೂಕ ಬರೆದಿಟ್ಟು, ಫೋಟೊ ತೆಗೆದು, ನಾಣ್ಯ ಪ್ರದರ್ಶನಗಳಲ್ಲಿ ಇಬ್ಬರು ಮೂವರು ಬಲ್ಲವರಿಗೆ ತೋರಿಸುವುದು ಒಳ್ಳೆಯದು.

ಹೊಲ ಉಳುವಾಗ ಸಿಕ್ಕಿದ್ದಾದರೆ ಮಾತೇ ಬೇರೆ: ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.