ಹುಳುವಿನಿಂದ ಶುರುಮಾಡು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕರಡು ನಿನ್ನೆ ರಾತ್ರಿ ಓದಿದೆ, ಬೆಳಗ್ಗೆ ಎದ್ದು ಮತ್ತೊಮ್ಮೆ ಓದಿದೆ. ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾಗಿ, ತಮ್ಮ ಘನ ವಿಶ್ವವಿದ್ಯಾಲಯ, ತಮ್ಮ ವಿಶ್ವವಿಖ್ಯಾತ ಸಂಶೋಧನೆ, ತಮ್ಮ ಕೈಕೆಳಗೆ ಕಲಿಯುವ ಭಾಗ್ಯ ಎಂದು ಎರಡು ಪ್ಯಾರಾ ಹೋಗಿದೆ. ಎರಡು ಮಳೆಗಾಲ ಶಿಕಾರಿಪುರದ ಕಡೆಯ ಮೆಕ್ಕೆಜೋಳದ ಹೊಲಗಳಲ್ಲಿ ಕೆಸರು ತುಳಿದು, ಸುಳಿ ಬಿಡಿಸಿ ಬಿಡಿಸಿ ಹುಳು ಎಣಿಸಿದ ಹುಡುಗಿ ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಪಿಎಚ್‌.ಡಿ. ಸೀಟಿಗಾಗಿ ಇದೇ ಪತ್ರವನ್ನು ಅಮೆರಿಕದ ಅರವತ್ತು ಪ್ರೊಫೆಸರುಗಳಿಗೆ ಕಳಿಸಲು ಕನ್ಸಲ್ಟೆನ್ಸಿಯವರು ಹೇಳಿದ್ದಾರೆ ಅಂದೆಯಲ್ಲ, ದಯವಿಟ್ಟು ಕಳಿಸಬೇಡ. ನಿನ್ನ ಜೊತೆ ಎಂ.ಎಸ್ಸಿ. ಮುಗಿಸಿದ ಇನ್ನೂ ಹಲವರು ಇದೇ ಗೊಂದಲದಲ್ಲಿದ್ದಾರೆ ಎಂದು ನಿನ್ನ ಅಮ್ಮ ಹೇಳಿದಳು. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೂ ಕೊಡುತ್ತಿದ್ದೇನೆ.

ನಾನೂ ಇದೇ ತಪ್ಪು ಮಾಡಿದವನು. 1988ರಲ್ಲಿ ಹಾಸ್ಟೆಲ್ ಕೋಣೆಗೆ ಬಾಡಿಗೆ ಟೈಪ್‌ರೈಟರ್ ತಂದು, ನಲವತ್ತು ನೀಲಿ ಏರೋಗ್ರಾಂಗಳ ಮೇಲೆ ಒಂದೇ ಒಕ್ಕಣೆ ಬಡಿದು ಕಳಿಸಿದ್ದೆ. ಒಂದರ ಮೇಲೆ ಒಬ್ಬರ ಹೆಸರು, ಒಳಗೆ ಇನ್ನೊಬ್ಬರ ಹೆಸರು. ತಿಂಗಳುಗಟ್ಟಲೆ ಒಂದೂ ಉತ್ತರವಿಲ್ಲ. ಕೊನೆಗೆ ಬಂದದ್ದು ಅದೇ ಹೆಸರು ತಪ್ಪಿದ ಪತ್ರ ಪಡೆದವರಿಂದ. ತಪ್ಪಿನ ಬಗ್ಗೆ ಒಂದು ಮಾತೂ ಆಡದೆ, ನೀನು ಯಾವ ಹುಳುವಿನ ಮೇಲೆ ಕೆಲಸ ಮಾಡಿದ್ದೀಯ, ಏನು ಕಂಡೆ ಎಂದಷ್ಟೇ ಕೇಳಿದ್ದರು. ನಲವತ್ತು ಪತ್ರ ಬರೆದರೂ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ತೊಗರಿಯ ಕಾಯಿಕೊರಕದ ಬಗ್ಗೆ ಅವತ್ತು ರಾತ್ರಿ ಕೂತು ನಾಲ್ಕು ಪುಟ ಬರೆದೆ. ಮುಂದಿನ ಆಗಸ್ಟಿನಲ್ಲಿ ಅವರ ಲ್ಯಾಬಿನಲ್ಲಿದ್ದೆ. ಆಮೇಲಿನ ಮೂವತ್ತು ವರ್ಷ ಇಂಥ ಪತ್ರಗಳನ್ನು ಓದುವ ಕುರ್ಚಿಯಲ್ಲಿ ನಾನೇ ಕೂತೆ. ಹೊಗಳಿಕೆ ತುಂಬಿದ ಪತ್ರ ತೆರೆದಾಗಲೆಲ್ಲ, ಇದರ ಹಿಂದೆ ಒಂದು ಒಳ್ಳೆಯ ಮಗು ಅಡಗಿದೆ, ನನಗೆ ಕಾಣುತ್ತಿಲ್ಲವಲ್ಲ ಎಂದು ಸಂಕಟವಾಗುತ್ತಿತ್ತು.

ಮೊದಲು ಅಮೆರಿಕದ ಪದ್ಧತಿ ತಿಳಿದುಕೋ. ಅಣುಜೀವಶಾಸ್ತ್ರದಂಥ ವಿಭಾಗಗಳಲ್ಲಿ ಸಾಮಾನ್ಯವಾಗಿ ಒಂದು ಸಮಿತಿ ಕೂತು ವಿದ್ಯಾರ್ಥಿಗಳನ್ನು ಆರಿಸುತ್ತದೆ. ಸೇರಿದ ಮೇಲೆ ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಸರದಿಯಂತೆ ಕೆಲಸ ಮಾಡಿ ಗೈಡನ್ನು ಗೊತ್ತುಮಾಡಿಕೊಳ್ಳಬಹುದು. ಅಂಥ ಕಡೆ ಮೊದಲೇ ಯಾರಿಗೂ ಬರೆಯದಿದ್ದರೂ ನಷ್ಟವಿಲ್ಲ. ಕೀಟಶಾಸ್ತ್ರ, ಪರಿಸರ ವಿಜ್ಞಾನ, ಮಣ್ಣುವಿಜ್ಞಾನದ ವಿಭಾಗಗಳಲ್ಲಿ ಹೆಚ್ಚಿನ ಕಡೆ ಹಾಗಲ್ಲ. ಅಲ್ಲಿ ಒಬ್ಬ ಪ್ರೊಫೆಸರು ‘ಈ ಹುಡುಗಿ ನನಗೆ ಬೇಕು’ ಎನ್ನದಿದ್ದರೆ ನಿನ್ನ ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅರ್ಜಿ ಮುಂದೆ ಹೋಗುವುದು ಕಷ್ಟ. ಜರ್ಮನಿಯಲ್ಲಿ ಬಹಳಷ್ಟು ಪಿಎಚ್‌.ಡಿ. ಜಾಗಗಳಿಗೆ ನೌಕರಿಯಂತೆ ಜಾಹೀರಾತು ಬರುತ್ತದೆ, ಅದನ್ನು ನೋಡಿ ಅರ್ಜಿ ಹಾಕಬೇಕು. ನಮ್ಮ ಐಐಎಸ್ಸಿಯಲ್ಲಿ ಗೇಟ್, ನೆಟ್, ಸಂದರ್ಶನದ ದಾರಿಯೇ ಬೇರೆ.

ಈಗ ನಿನ್ನ ಹುಳುವಿನ ಮಾತು. ಫಾಲ್ ಸೈನಿಕ ಹುಳು ಅಮೆರಿಕ ಖಂಡದ್ದು. ಭಾರತದಲ್ಲಿ ಅದು ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗ ಸೀಮೆಯ ಮೆಕ್ಕೆಜೋಳದಲ್ಲಿ. ಹಿಮ ಬೀಳುವ ಚಳಿಯನ್ನು ಅದು ತಡೆಯುವುದಿಲ್ಲ. ಹಾಗಾಗಿ ಅಮೆರಿಕದಲ್ಲಿ ಚಳಿಗಾಲವನ್ನು ದಕ್ಷಿಣ ಫ್ಲಾರಿಡಾ, ದಕ್ಷಿಣ ಟೆಕ್ಸಾಸ್ ಕಡೆ ಕಳೆದು, ಬೇಸಿಗೆಯಲ್ಲಿ ಪತಂಗವಾಗಿ ಉತ್ತರಕ್ಕೆ ಹಾರುತ್ತದೆ. ಈ ವಲಸೆಯ ಮೇಲೆ ಆಯುಷ್ಯ ಸವೆಸಿದವರು ಅಲ್ಲಿದ್ದಾರೆ. ಚಳಿಯೇ ಅಡ್ಡಬರದ ನಮ್ಮ ನೆಲದಲ್ಲಿ ಅದು ವರ್ಷವಿಡೀ ಏನು ಮಾಡುತ್ತದೆ ಎಂದು ಕಣ್ಣಾರೆ ಕಂಡವಳು ನೀನು. ಅವರ ಬಳಿ ಇಲ್ಲದ ಒಂದು ವಸ್ತು ನಿನ್ನ ಬಳಿ ಇದೆ. ಇದನ್ನು ತಿಳಿದುಕೊಂಡು ಬರೆಯಲು ಕೂತರೆ ನಿನ್ನ ಪತ್ರದ ದನಿಯೇ ಬೇರೆಯಾಗುತ್ತದೆ.

ಹುಳುವಿನಿಂದಲೇ ಶುರುಮಾಡು. ‘ಡಿಯರ್ ಡಾಕ್ಟರ್’ ಎಂದು ಅವರ ಮನೆತನದ ಹೆಸರು ಬರೆ. ನೀನು ‘ಸರ್’ ಎಂದು ಬರೆದಿರುವ ಪಟ್ಟಿಯಲ್ಲಿ ಇಬ್ಬರು ಹೆಂಗಸರಿದ್ದಾರೆ, ನೋಡಿದೆಯಾ? ಮೊದಲ ಸಾಲಿನಲ್ಲೇ ನೀನು ಯಾರು, ಎಲ್ಲಿ, ಏನು ಮಾಡಿದೆ ಎಂಬುದು ಬರಲಿ. ಆಮೇಲೆ, ನೀನು ಹೋದ ದೀಪಾವಳಿಗೆ ಬಂದಾಗ ಜಗಲಿ ಮೇಲೆ ಕೂತು ನನಗೆ ಹೇಳಿದೆಯಲ್ಲ, ಅದನ್ನೇ ಬರೆ. ಮರಿಹುಳುಗಳು ಬಲಿಯುತ್ತಿದ್ದಂತೆ ಒಂದನ್ನೊಂದು ತಿನ್ನುತ್ತವೆಂದು ಒಂದೊಂದಕ್ಕೂ ಒಂದೊಂದು ಪ್ಲಾಸ್ಟಿಕ್ ಕಪ್ಪು ಕೊಟ್ಟು ಸಾಕಿದ್ದು. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕಾಕಾರಕ್ಕೆ ನಾಲ್ಕು ಚುಕ್ಕೆ ನೋಡಿ ಒಂದೊಂದನ್ನೂ ಖಚಿತಮಾಡಿಕೊಂಡದ್ದು. ಮಳೆ ಹಿಡಿದ ವಾರಗಳಲ್ಲಿ ಸುಳಿಯೊಳಗೇ ಸೆಟೆದು ಸತ್ತ ಹುಳುಗಳ ಮೈಮೇಲೆ ಮೊದಲು ಬಿಳಿ ಬೂಷ್ಟು, ಆಮೇಲೆ ತಿಳಿಹಸಿರು ಪುಡಿ ಕಂಡದ್ದು. ಅದು ಮೆಟಾರೈಜಿಯಂ ರೈಲಿ ಶಿಲೀಂಧ್ರ ಎಂದು ತಿಳಿದ ಮೇಲೂ ನಿನ್ನನ್ನು ಕಾಡಿದ ಪ್ರಶ್ನೆ: ಒಂದು ಹೊಲದಲ್ಲಿ ಹುಳುವಿಗೆ ಈ ರೋಗ ಹಬ್ಬಿ, ಬದುವಿನಾಚೆಯ ಹೊಲದಲ್ಲಿ ಯಾಕೆ ಹಬ್ಬಲಿಲ್ಲ? ಆ ಪ್ರಶ್ನೆ ಹೇಳುವಾಗ ನಿನ್ನ ಮುಖ ನಾನು ನೋಡಿದ್ದೇನೆ. ಪತ್ರ ಓದುವವರಿಗೂ ಅದು ಕಾಣಬೇಕು.

ಇಷ್ಟನ್ನು ಆರೇಳು ಸಾಲಿನಲ್ಲಿ ಹೇಳು. ಇನ್ನೆರಡು ಸಾಲು ಅವರ ಕೆಲಸದ ಬಗ್ಗೆ ಇರಲಿ. ಈಚಿನ ಒಂದೆರಡು ಪ್ರಬಂಧಗಳನ್ನು ಪೂರ್ತಿ ಓದಿ, ಎಲ್ಲಿ ನಿನ್ನ ಪ್ರಶ್ನೆ ಅವರದಕ್ಕೆ ತಾಗುತ್ತದೆಯೋ ಅಲ್ಲಿಗೆ ಮಾತ್ರ ಬೆರಳಿಡು. ಓದದೆ ಶೀರ್ಷಿಕೆ ಉದುರಿಸಿದರೆ ತಕ್ಷಣ ಗೊತ್ತಾಗುತ್ತದೆ. ಎಐ ಕೈಲಿ ಬರೆಸಿದ ಪತ್ರವೂ ಗೊತ್ತಾಗುತ್ತದೆ, ನುಣುಪಾಗಿರುತ್ತದೆ, ಒಳಗೆ ಹೊಲದ ಮಣ್ಣಿರುವುದಿಲ್ಲ. ನಿನ್ನ ಇಂಗ್ಲಿಷು ಸ್ವಲ್ಪ ತಡವರಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಡೆಗೆ ನೇರವಾಗಿ ಒಂದೇ ಪ್ರಶ್ನೆ: ಮುಂದಿನ ಆಗಸ್ಟಿಗೆ ಹೊಸ ಪಿಎಚ್‌.ಡಿ. ವಿದ್ಯಾರ್ಥಿಯನ್ನು ತೆಗೆದುಕೊಳ್ಳುವ ಯೋಚನೆ ಇದೆಯೇ? ಎರಡು ಪುಟದ ಬಯೋಡೇಟಾ ಲಗತ್ತಿಸು, ಸರ್ಟಿಫಿಕೇಟುಗಳ ಕಂತೆ ಬೇಡ. ಕಳಿಸುವ ಮೊದಲು ಅವರ ಲ್ಯಾಬಿನ ಪುಟವನ್ನು ತಳದವರೆಗೂ ಓದು. ಈ ವರ್ಷ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ ಎಂದು ಕೆಲವರು ಅಲ್ಲೇ ಬರೆದಿರುತ್ತಾರೆ. ವಿಷಯದ ಸಾಲಿನಲ್ಲಿ ಇಂಥ ಪದ ಹಾಕಿ ಎಂದು ಹೇಳಿ, ಓದಿದವರು ಯಾರೆಂದು ನೋಡುವವರೂ ಇದ್ದಾರೆ.

ಆ ಒಂದು ಪ್ರಶ್ನೆಯ ಹಿಂದೆ ಹಣದ ವಿಷಯವಿದೆ. ನಿನ್ನ ಶುಲ್ಕ, ತಿಂಗಳ ಭತ್ಯೆ ಬಹುಪಾಲು ಬರುವುದು ಅವರು ತಂದ ಸಂಶೋಧನಾ ಅನುದಾನದಿಂದ, ಇಲ್ಲವೇ ವಿಭಾಗ ಕೊಡುವ ಪಾಠಮಾಡುವ ಕೆಲಸದಿಂದ. ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ ತಾನು ಕೊಟ್ಟ ಅನುದಾನಗಳನ್ನು, ಶುರು ಮುಗಿವ ದಿನಾಂಕದ ಸಮೇತ, ಯಾರು ಬೇಕಾದರೂ ಹುಡುಕಿ ನೋಡುವಂತೆ ಇಟ್ಟಿದೆ. ಹುಡುಕಿ ನೋಡು. ಹೊಸ ಅನುದಾನ ಈಗಷ್ಟೇ ಸಿಕ್ಕವರಿಗೆ ಕೆಲಸಕ್ಕೆ ಜನ ಬೇಕಿರುತ್ತದೆ. 2025ರಲ್ಲಿ ಅಲ್ಲಿ ಎಷ್ಟೋ ಅನುದಾನಗಳು ನಡುವಿನಲ್ಲೇ ರದ್ದಾದವು. ‘ನಿನ್ನ ಕೆಲಸ ಇಷ್ಟವಾಯಿತು, ಆದರೆ ಹಣವಿಲ್ಲ’ ಎಂದು ಯಾರಾದರೂ ಬರೆದರೆ ಅದು ನಿಜವೇ ಇರುತ್ತದೆ, ನಂಬು.

ಉತ್ತರ ಬಾರದಿರುವುದೇ ಹೆಚ್ಚು. ದಿನಕ್ಕೆ ನೂರಾರು ಮೇಲ್ ಬರುತ್ತವೆ, ತೆರೆದಿಟ್ಟು ಮರೆಯುತ್ತಾರೆ. ನಾನೇ ಮರೆತಿದ್ದೇನೆ, ಆ ಹುಡುಗರ ನೆನಪಾದರೆ ಈಗಲೂ ಬೇಸರವಾಗುತ್ತದೆ. ಎರಡು ವಾರ ಬಿಟ್ಟು ಎರಡೇ ಸಾಲಿನಲ್ಲಿ ನೆನಪಿಸು. ಆಮೇಲೂ ಮೌನವಿದ್ದರೆ ಮುಂದಿನ ಹೆಸರಿಗೆ ಹೋಗು. ಎಂಟು ಹತ್ತು ಜನರಿಗೆ ಬರೆದರೆ ಸಾಕು, ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ. ಹೆಚ್ಚಿನ ವಿಭಾಗಗಳ ಕೊನೇ ದಿನಾಂಕ ಡಿಸೆಂಬರ್, ಜನವರಿಯಲ್ಲಿರುವುದರಿಂದ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಬರೆದು ಮುಗಿಸು. ಯಾರಾದರೊಬ್ಬರು ‘ಅರ್ಜಿ ಹಾಕು’ ಎಂದ ಕಡೆಗೆ ಮಾತ್ರ ಶುಲ್ಕ ಕಟ್ಟು. ನಿನ್ನ ಅಪ್ಪ ಅಡಿಕೆ ಮಾರಿದ ದುಡ್ಡು ಅದು. ಅರ್ಜಿ ಹಾಕು ಅಂದರೆ ಸೀಟು ಕೊಟ್ಟರು ಎಂದಲ್ಲ, ಅದನ್ನೂ ಮನೆಯಲ್ಲಿ ಹೇಳಿಡು.

ವಿಡಿಯೋ ಕಾಲಿಗೆ ಕರೆದರೆ ಗಾಬರಿಯಾಗಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು. ನೀನೂ ಕೇಳು: ನಿಮ್ಮ ಲ್ಯಾಬಿನವರು ಎಷ್ಟು ವರ್ಷದಲ್ಲಿ ಮುಗಿಸುತ್ತಾರೆ, ಈಗ ಎಲ್ಲಿದ್ದಾರೆ? ಅವರ ಇಬ್ಬರು ವಿದ್ಯಾರ್ಥಿಗಳ ಜೊತೆ ಬೇರೆಯಾಗಿ ಮಾತಾಡಲು ಅವಕಾಶ ಕೇಳಲೇಬೇಕು. ಕೆಲಸ ಕೆಟ್ಟ ವಾರದಲ್ಲಿ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ಆ ಹುಡುಗರನ್ನು ಕೇಳು. ಉತ್ತರ ಕೊಡುವ ಮೊದಲು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನೂ ಗಮನಿಸು. ಐದಾರು ವರ್ಷ ಆ ಮನುಷ್ಯರ ಜೊತೆ ಕಳೆಯುವವಳು ನೀನು. ದೊಡ್ಡ ಹೆಸರು ನೋಡಿ ಹೋಗಿ ಒಳಗೊಳಗೇ ಬತ್ತಿದ ಮಕ್ಕಳನ್ನು ನಾನು ಕಂಡಿದ್ದೇನೆ.

ಅನಂತಮೂರ್ತಿಯವರು ಪಿಎಚ್‌.ಡಿ.ಗೆ ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದರಲ್ಲ. ಅಲ್ಲಿನ ಅಧ್ಯಾಪಕ ಮಾಲ್ಕಮ್ ಬ್ರಾಡ್‌ಬರಿ ಅವರ ಜೊತೆ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ನೋಡಿ ಬಂದ ಮೇಲೆ ನಡೆದ ಮಾತಿನಿಂದ ‘ಸಂಸ್ಕಾರ’ ಬರೆಯಲು ಕೂತದ್ದನ್ನು ಅವರೇ ಹೇಳಿಕೊಂಡಿದ್ದಾರೆ. 1965ರಲ್ಲಿ ಅದು ಅಚ್ಚಾಯಿತು. ಥೀಸಿಸ್ಸಿಗೂ ಆ ಕಾದಂಬರಿಗೂ ಸಂಬಂಧವಿರಲಿಲ್ಲ. ಸಿನಿಮಾ ನೋಡಿ ಬಂದು ಹಾಗೆ ಮಾತಾಡಬಹುದಾದ ಒಬ್ಬರು ಅಲ್ಲಿ ಸಿಕ್ಕಿದ್ದರು. ನಿನಗೂ ಅಂಥವರು ಸಿಗಲಿ ಎಂಬುದು ನನ್ನ ಆಸೆ.

ಶಿಫಾರಸು ಪತ್ರಕ್ಕೆ ನಿನ್ನ ಎಂ.ಎಸ್ಸಿ. ಗೈಡನ್ನು ಈ ವಾರವೇ ಹೋಗಿ ಕೇಳು, ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡ. ಹೊಸ ಕರಡು ಬರೆದ ಮೇಲೆ ಮೊದಲು ನನಗೆ ಕಳಿಸು. ಆ ಹಸಿರು ಬೂಷ್ಟು ಹಿಡಿದ ಹುಳುವಿನ ಫೋಟೋ ಇದ್ದರೆ ಅದನ್ನೂ ಕಳಿಸು, ನಾನು ಇನ್ನೂ ನೋಡಿಲ್ಲ.

ನಿನ್ನ ಸೋದರಮಾವ