ಉಪ್ಪು ಸಕ್ಕರೆ ನೀರಿನ ರಸಾಯನಶಾಸ್ತ್ರ



ಓ.ಆರ್.ಎಸ್. ಪೊಟ್ಟಣವನ್ನು ನೀವು ನೋಡಿರಬಹುದು. ಊರಿನ ಆಶಾ ಕಾರ್ಯಕರ್ತೆಯ ಚೀಲದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಇದ್ದೇ ಇರುತ್ತದೆ. ಯಾರಿಗಾದರೂ ವಾಂತಿಭೇದಿಯಾದರೆ ಆ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ. ಅದರಲ್ಲಿ ಮುಖ್ಯವಾಗಿ ಇರುವುದು ಉಪ್ಪು ಮತ್ತು ಗ್ಲುಕೋಸ್ ಎಂಬ ಒಂದು ಬಗೆಯ ಸಕ್ಕರೆ. ದೇಹದಿಂದ ಹೋದದ್ದು ನೀರು ತಾನೇ? ಬರೀ ನೀರು ಕುಡಿಸಿದರೆ ಸಾಲದೇ? ಉಪ್ಪು ಏಕೆ? ಸಕ್ಕರೆ ಏಕೆ? ಉತ್ತರ ತಿಳಿಯಲು ಸ್ವಲ್ಪ ರಸಾಯನಶಾಸ್ತ್ರ ಕಲಿಯೋಣ.

ನಮ್ಮೊಳಗಿನ ನೀರು

ವಯಸ್ಕರ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ನೀರು. ಮಕ್ಕಳಲ್ಲಿ ಇದು ಇನ್ನೂ ತುಸು ಹೆಚ್ಚು. 30 ಕಿಲೋಗ್ರಾಂ ತೂಗುವ ಹುಡುಗಿಯ ದೇಹದಲ್ಲಿ ಸುಮಾರು 18 ಲೀಟರ್ ನೀರಿದೆ ಎಂದಾಯಿತು. ಆದರೆ ಇದು ಬಾವಿಯ ಸಿಹಿನೀರಿನಂತೆ ಇಲ್ಲ. ಕಣ್ಣೀರು ತುಟಿಗೆ ತಾಗಿದಾಗ ಉಪ್ಪುಪ್ಪು ಅನ್ನಿಸುತ್ತದೆ. ಬೆವರೂ ಹಾಗೆಯೇ. ಏಕೆಂದರೆ ದೇಹದ ನೀರು ಒಂದು ದ್ರಾವಣ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವ ಸಲೈನ್‌ನಲ್ಲಿ ಒಂದು ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ. ರಕ್ತಕ್ಕೆ ಹೊಂದುವಂತೆ ಈ ಪ್ರಮಾಣವನ್ನು ಇಟ್ಟಿದ್ದಾರೆ.

ಉಪ್ಪು ಕರಗಿದಾಗ ಏನಾಗುತ್ತದೆ?

ಅಡುಗೆ ಉಪ್ಪಿನ ರಾಸಾಯನಿಕ ಹೆಸರು ಸೋಡಿಯಂ ಕ್ಲೋರೈಡ್. ಇದರಲ್ಲಿ ಪ್ರತಿಯೊಂದು ಸೋಡಿಯಂ ಪರಮಾಣು ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ ಪರಮಾಣುವಿಗೆ ಕೊಟ್ಟಿರುತ್ತದೆ. ಕೊಟ್ಟದ್ದರಿಂದ ಸೋಡಿಯಂ ಧನ ಆವೇಶ ಪಡೆಯುತ್ತದೆ, ಪಡೆದದ್ದರಿಂದ ಕ್ಲೋರಿನ್ ಋಣ ಆವೇಶ ಪಡೆಯುತ್ತದೆ. ಹೀಗೆ ವಿದ್ಯುದಾವೇಶ ಹೊಂದಿದ ಪರಮಾಣುವನ್ನು ಅಯಾನು ಎನ್ನುತ್ತೇವೆ. ಉಪ್ಪಿನ ಹರಳಿನಲ್ಲಿ ಈ ಅಯಾನುಗಳು ಒಂದನ್ನೊಂದು ಆಕರ್ಷಿಸಿ ಬಿಗಿಯಾಗಿ ಕೂತಿರುತ್ತವೆ.

ನೀರಿನ ಒಂದು ಅಣುವಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಪರಮಾಣುಗಳಿವೆ. ಆಕ್ಸಿಜನ್ ಇರುವ ಬದಿ ಸ್ವಲ್ಪ ಋಣ, ಹೈಡ್ರೋಜನ್ ಇರುವ ಬದಿ ಸ್ವಲ್ಪ ಧನ. ಆದ್ದರಿಂದ ನೀರಿನ ಅಣುಗಳು ಹರಳಿನ ಅಯಾನುಗಳನ್ನು ಸುತ್ತುವರಿದು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಉಪ್ಪು ಕರಗುವುದು ಎಂದರೆ ಇದೇ. ಕಣ್ಣಿಗೆ ಕಾಣದಿದ್ದರೂ ಅದು ಎಲ್ಲಿಗೂ ಹೋಗಿಲ್ಲ.

ಸಕ್ಕರೆ ಕರಗುವ ಬಗೆ ಬೇರೆ. ಅದು ಅಯಾನುಗಳಾಗಿ ಒಡೆಯುವುದಿಲ್ಲ. ಅದರ ಅಣುಗಳು ಇಡಿಯಾಗಿಯೇ ನೀರಿನಲ್ಲಿ ಹರಡಿಕೊಳ್ಳುತ್ತವೆ. ಗ್ಲುಕೋಸಿನ ಒಂದು ಅಣುವಿನಲ್ಲಿ 6 ಕಾರ್ಬನ್, 12 ಹೈಡ್ರೋಜನ್ ಮತ್ತು 6 ಆಕ್ಸಿಜನ್ ಪರಮಾಣುಗಳಿವೆ.

ಉಪ್ಪಿನ ಹಿಂದೆ ನೀರು

ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದು ನೀರು ಬಿಡುತ್ತದೆ. ಸೌತೆಕಾಯಿಯ ಜೀವಕೋಶಗಳಿಗೆ ತೆಳುವಾದ ಪೊರೆ ಇದೆ. ನೀರು ಆ ಪೊರೆಯನ್ನು ಸುಲಭವಾಗಿ ದಾಟುತ್ತದೆ, ಉಪ್ಪು ಹಾಗೆ ದಾಟಲಾರದು. ಹೊರಗೆ ಉಪ್ಪು ಹೆಚ್ಚಾದಾಗ ಒಳಗಿನ ನೀರು ಹೊರಗೆ ಬರುತ್ತದೆ. ಸಾರ ಕಡಿಮೆ ಇರುವ ದ್ರಾವಣದಿಂದ ಸಾರ ಹೆಚ್ಚಿರುವ ದ್ರಾವಣಕ್ಕೆ ಪೊರೆಯ ಮೂಲಕ ನೀರು ಹೀಗೆ ಸಾಗುವುದನ್ನು ಅಭಿಸರಣೆ ಎನ್ನುತ್ತಾರೆ.

ನೀವೇ ಮಾಡಿ ನೋಡಿ: ಆಲೂಗಡ್ಡೆಯನ್ನು ಬೆರಳಿನಷ್ಟು ಉದ್ದದ ತೆಳು ತುಂಡುಗಳಾಗಿ ಹಿರಿಯರಿಂದ ಹೆಚ್ಚಿಸಿಕೊಳ್ಳಿ. ಎರಡು ಲೋಟಗಳಲ್ಲಿ ನೀರು ತುಂಬಿ. ಒಂದಕ್ಕೆ ನಾಲ್ಕು ಚಮಚ ಉಪ್ಪು ಹಾಕಿ ಕದಡಿ. ಎರಡರಲ್ಲೂ ಆಲೂಗಡ್ಡೆ ತುಂಡುಗಳನ್ನು ಮುಳುಗಿಸಿಡಿ. ಒಂದೆರಡು ಗಂಟೆಯ ನಂತರ ತೆಗೆದು ಬಗ್ಗಿಸಿ ನೋಡಿ. ಯಾವುದು ಗಟ್ಟಿಯಾಗಿದೆ? ಯಾವುದು ಮೆತ್ತಗಾಗಿದೆ? ಕಾರಣವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ.

ಕರುಳಿನ ಬಾಗಿಲು

ನಾವು ಕುಡಿದ ನೀರು, ಊಟದಲ್ಲಿನ ನೀರು, ಜೊಲ್ಲು, ಜಠರರಸ, ಪಿತ್ತರಸ ಎಲ್ಲ ಸೇರಿ ವಯಸ್ಕರ ಕರುಳಿಗೆ ದಿನಕ್ಕೆ 8ರಿಂದ 9 ಲೀಟರ್ ದ್ರವ ಬರುತ್ತದೆ. ಇದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕರುಳು ಮತ್ತೆ ಹೀರಿಕೊಳ್ಳುತ್ತದೆ. ಕರುಳಿನ ಗೋಡೆಯ ಕೋಶಗಳು ಮೊದಲು ಸೋಡಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತವೆ. ಉಪ್ಪು ಹೋದ ಕಡೆಗೆ ನೀರೂ ಅಭಿಸರಣೆಯಿಂದ ಹಿಂಬಾಲಿಸುತ್ತದೆ.

ಕಾಲರಾ ರೋಗದಲ್ಲಿ ಏನಾಗುತ್ತದೆ? ಕಾಲರಾ ರೋಗಾಣು ಬಿಡುವ ವಿಷದಿಂದ ಕರುಳಿನ ಕೋಶಗಳು ಕ್ಲೋರೈಡ್ ಅಯಾನುಗಳನ್ನು ಹೊರಗೆ ಸುರಿಯತೊಡಗುತ್ತವೆ. ಅವುಗಳ ಹಿಂದೆ ಸೋಡಿಯಂ ಹೋಗುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಗಂಟೆಗಳಲ್ಲೇ ಲೀಟರುಗಟ್ಟಲೆ ನೀರು ನಷ್ಟವಾಗಿ ರಕ್ತದ ಪ್ರಮಾಣ ಇಳಿಯುತ್ತದೆ. ಈ ಸ್ಥಿತಿಗೆ ನಿರ್ಜಲೀಕರಣ ಎಂದು ಹೆಸರು. ಜೀವ ತೆಗೆಯುವುದು ಇದೇ.

ಆದರೆ ಒಂದು ಬಾಗಿಲನ್ನು ಈ ವಿಷ ಮುಚ್ಚಲಾರದು. ಸಣ್ಣ ಕರುಳಿನ ಕೋಶಗಳ ಪೊರೆಯಲ್ಲಿ ಒಂದು ವಿಶೇಷ ಪ್ರೋಟೀನ್ ಇದೆ. ಗ್ಲುಕೋಸಿನ ಒಂದು ಅಣು ಮತ್ತು ಸೋಡಿಯಂನ ಎರಡು ಅಯಾನುಗಳು ಜೊತೆಯಾಗಿ ಬಂದರೆ ಮಾತ್ರ ಅದು ಅವನ್ನು ಒಳಗೆ ಬಿಡುತ್ತದೆ. ಅವುಗಳ ಬೆನ್ನಿಗೇ ನೀರು ಬರುತ್ತದೆ. ಸೋಡಿಯಂ ಮತ್ತು ಗ್ಲುಕೋಸ್ ಹೀಗೆ ಜೊತೆಯಾಗಿ ಸಾಗುತ್ತವೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಮಂಡಿಸಿದರು. ಉಪ್ಪಿನ ಜೊತೆ ಸಕ್ಕರೆ ಏಕೆ ಬೇಕು ಎಂಬುದು ಈಗ ತಿಳಿಯಿತಲ್ಲವೇ? ಸಕ್ಕರೆ ಇಲ್ಲಿ ರುಚಿಗಾಗಿ ಅಲ್ಲ.

ಬನ್‌ಗಾಂವ್ ಶಿಬಿರದಲ್ಲಿ

1971ರಲ್ಲಿ ಬಾಂಗ್ಲಾದೇಶ ವಿಮೋಚನಾ ಯುದ್ಧ ನಡೆಯಿತು. ಲಕ್ಷಾಂತರ ಜನ ನಿರಾಶ್ರಿತರಾಗಿ ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬಳಿಯ ಬನ್‌ಗಾಂವ್‌ನ ಶಿಬಿರಗಳಲ್ಲಿ ಕಾಲರಾ ಹರಡಿತು. ಸಲೈನ್ ಬಾಟಲಿಗಳು ಸಾಲದೆ ಹೋದವು. ಅಲ್ಲಿದ್ದ ವೈದ್ಯ ಡಾ. ದಿಲೀಪ್ ಮಹಲನಾಬಿಸ್ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಕುಡಿಸುವ ವ್ಯವಸ್ಥೆ ಮಾಡಿದರು. ರೋಗಿಗಳ ಮನೆಯವರೇ ಲೋಟದಿಂದ ಕುಡಿಸಿದರು. ಅದಕ್ಕೆ ಮುನ್ನ ನೂರು ರೋಗಿಗಳಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಈ ದ್ರಾವಣ ಕೊಟ್ಟಲ್ಲಿ ಅದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆಯಾಯಿತು. 2022ರಲ್ಲಿ ನಿಧನರಾದ ಅವರಿಗೆ ಭಾರತ ಸರ್ಕಾರ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಘೋಷಿಸಿತು.

ಅಳತೆಯೇ ಔಷಧ

2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತಿರುವ ಓ.ಆರ್.ಎಸ್.ನಲ್ಲಿ ಒಂದು ಲೀಟರ್ ನೀರಿಗೆ ಇರುವುದು ಇಷ್ಟು:

ಗ್ಲುಕೋಸ್ – 13.5 ಗ್ರಾಂ
ಸೋಡಿಯಂ ಕ್ಲೋರೈಡ್ – 2.6 ಗ್ರಾಂ
ಸೋಡಿಯಂ ಸಿಟ್ರೇಟ್ – 2.9 ಗ್ರಾಂ
ಪೊಟ್ಯಾಸಿಯಂ ಕ್ಲೋರೈಡ್ – 1.5 ಗ್ರಾಂ

ಭೇದಿಯಲ್ಲಿ ಪೊಟ್ಯಾಸಿಯಂ ಕೂಡ ನಷ್ಟವಾಗುತ್ತದೆ. ಸ್ನಾಯುಗಳಿಗೆ, ಹೃದಯದ ಬಡಿತಕ್ಕೆ ಅದು ಬೇಕು. ರಕ್ತದಲ್ಲಿ ಆಮ್ಲದ ಅಂಶ ಹೆಚ್ಚಾಗುವುದನ್ನು ಸಿಟ್ರೇಟ್ ಸರಿಪಡಿಸುತ್ತದೆ.

ಸಕ್ಕರೆ ಹೆಚ್ಚು ಹಾಕಿದರೆ ಒಳ್ಳೆಯದೇ? ಅಲ್ಲ. ಆಲೂಗಡ್ಡೆಯ ಪ್ರಯೋಗವನ್ನು ನೆನಪಿಸಿಕೊಳ್ಳಿ. ಕರುಳಿನೊಳಗೆ ಸಾರ ಹೆಚ್ಚಾದರೆ ದೇಹದ ನೀರೇ ಕರುಳಿಗೆ ಬಂದು ಭೇದಿ ಇನ್ನೂ ಹೆಚ್ಚುತ್ತದೆ. ಅಂಗಡಿಯ ಸಿಹಿ ಪಾನೀಯಗಳು ಈ ಕಾರಣಕ್ಕೇ ಓ.ಆರ್.ಎಸ್.ಗೆ ಸಮವಲ್ಲ. ಅಂಥ ಪಾನೀಯಗಳ ಮೇಲೆ ಓ.ಆರ್.ಎಸ್. ಎಂಬ ಹೆಸರು ಹಾಕಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಉಪ್ಪು ಅತಿಯಾದರೂ ಅಪಾಯವೇ. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಆದರೆ ಸೋಡಿಯಂ ಕಡಿಮೆ.

ಪೊಟ್ಟಣ ಸಿಗದಿದ್ದರೆ ಹೀಗೆ ಮಾಡಬಹುದು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು. ಮನೆಯ ಸಕ್ಕರೆಯ ಪ್ರತಿ ಅಣುವೂ ಕರುಳಿನಲ್ಲಿ ಒಡೆದು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಹಾಗಾಗಿ ಆ ಬಾಗಿಲಿಗೆ ಬೇಕಾದ ಗ್ಲುಕೋಸ್ ಸಿಗುತ್ತದೆ. ಉಪ್ಪು ಬೆರೆಸಿದ ಅಕ್ಕಿಗಂಜಿಯೂ ಒಳ್ಳೆಯದೇ, ಅದರ ಪಿಷ್ಟ ಜೀರ್ಣವಾಗಿ ಗ್ಲುಕೋಸನ್ನೇ ಕೊಡುತ್ತದೆ.

ನೆನಪಿಡಿ

• ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪುಡಿಯನ್ನು ಹಾಕಿ. ಕೆಲವು ಪೊಟ್ಟಣ ಒಂದು ಲೀಟರಿಗೆ, ಕೆಲವು ಒಂದು ಲೋಟಕ್ಕೆ ಇರುತ್ತವೆ.
• ಕಲಸಿದ ದ್ರಾವಣವನ್ನು ಮುಚ್ಚಿಡಿ. 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ.
• ಸ್ವಲ್ಪಸ್ವಲ್ಪವಾಗಿ, ಪದೇಪದೇ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಿ.
• ಹಸುಗೂಸಿಗೆ ತಾಯಿಯ ಹಾಲು ನಿಲ್ಲಿಸಬಾರದು.
• ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ದಾರಿಯುದ್ದಕ್ಕೂ ಓ.ಆರ್.ಎಸ್. ಕುಡಿಸುತ್ತಿರಬೇಕು.

"ಭೇದಿಯಾಗುವಾಗ ನೀರು ಕೊಡಬೇಡಿ, ಇನ್ನೂ ಹೆಚ್ಚಾಗುತ್ತದೆ" ಎನ್ನುವವರು ಇಂದಿಗೂ ಇದ್ದಾರೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಯಾರಾದರೂ ಹಾಗೆ ಹೇಳಿದರೆ ಸುಮ್ಮನಿರಬೇಡಿ. ಕರುಳಿನ ಆ ಬಾಗಿಲಿನ ವಿಷಯವನ್ನು ಅವರಿಗೆ ವಿನಯದಿಂದ ತಿಳಿಸಿ. ಒಂದು ಜೀವ ಉಳಿಯಬಹುದು.

ಯೋಚಿಸಿ ಉತ್ತರಿಸಿ

1. ಉಪ್ಪು ಕರಗುವುದಕ್ಕೂ ಸಕ್ಕರೆ ಕರಗುವುದಕ್ಕೂ ಇರುವ ವ್ಯತ್ಯಾಸವೇನು?
2. ಉಪ್ಪಿನಕಾಯಿಗೆ ಉಪ್ಪು ಹಾಕಿದ ಮಾವಿನ ಹೋಳು ನೀರು ಬಿಡುವುದೇಕೆ?
3. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ನೀರಿನಲ್ಲಿ ಕಲಸಿದರೆ ಆಗುವ ತೊಂದರೆ ಏನು?
4. ನಿಮ್ಮ ಊರಿನಲ್ಲಿ ಓ.ಆರ್.ಎಸ್. ಪೊಟ್ಟಣ ಎಲ್ಲೆಲ್ಲಿ ಸಿಗುತ್ತದೆ? ವಿಚಾರಿಸಿ, ಶಾಲೆಯ ಗೋಡೆಪತ್ರಿಕೆಯಲ್ಲಿ ಬರೆಯಿರಿ.